ಘಾಟಿ ದನಗಳ ಜಾತ್ರೆ: ಮನೆತನದ ಪದ್ಧತಿಯನ್ನು ಹೇಗೆ ಉಳಿಸಿಕೊಳ್ಳುವುದು?

ದೊಡ್ಡಬಳ್ಳಾಪುರದ ರೈತ
ಪುಷ್ಯ ಮಾಸದ ಬ್ರಹ್ಮರಥೋತ್ಸವದ ಆಸುಪಾಸಿನಲ್ಲಿ ಘಾಟಿ ಸುಬ್ರಹ್ಮಣ್ಯದಲ್ಲಿ ಸೇರುವ ದನಗಳ ಜಾತ್ರೆಗೆ ನಮ್ಮ ಮನೆಯಿಂದ ತಾತನ ಕಾಲದಿಂದಲೂ ಹಳ್ಳಿಕಾರ್ ತಳಿಯ ಎತ್ತಿನ ಜೋಡಿ ಹೋಗುತ್ತಿದೆ. ಉಳುಮೆಯೆಲ್ಲ ಟ್ರ್ಯಾಕ್ಟರಿಗೆ ಹೋದ ಮೇಲೆ ಎತ್ತು ಸಾಕುವುದೇ ದಂಡ, ಜಾತ್ರೆ ಬರೀ ಆಡಂಬರ ಎಂದು ಊರಿನಲ್ಲಿ ಕೆಲವರು ಹೇಳುತ್ತಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕೊಂಬು ಹೆರೆದು ಎಣ್ಣೆ ಸವರುವುದು, ಹೊಸ ಮೂಗುದಾರ ಹಾಕುವುದು, ಚಪ್ಪರಕ್ಕೆ ಗಳ ಹೊಂದಿಸುವುದು ಇವೆಲ್ಲ ಮನೆಮಂದಿ ಕೂಡಿ ಮಾಡುವ ಕೆಲಸ. ಜಾತ್ರೆಯಲ್ಲಿ ಹಿರಿಯರು ಹೋರಿಯ ಕೆಳದುಟಿ ಸರಿಸಿ, ಹಾಲುಹಲ್ಲು ಬಿದ್ದು ಮೊದಲ ಜೊತೆ ಹಲ್ಲು ಬಂದಿದ್ದರೆ ವಯಸ್ಸು ಸುಮಾರು 2 ವರ್ಷ, ಎಂಟೂ ಹಲ್ಲು ಬಂದು ಬಾಯಿಗೂಡಿದ್ದರೆ 5ರ ಹತ್ತಿರ ಎಂದು ಮೊಮ್ಮಕ್ಕಳಿಗೆ ತೋರಿಸುತ್ತಾರೆ. ಸುಳಿ, ಗೊರಸು, ನಡಿಗೆ ನೋಡುವ ಕಣ್ಣು ಬರುವುದು ನೂರಾರು ಜೋಡಿಗಳನ್ನು ಒಂದೆಡೆ ಕಂಡಾಗಲೇ.

ಬೆಂಗಳೂರಿನಲ್ಲಿ ನೆಲೆಸಿರುವ ರೈತನ ಮಗ
ಅಣ್ಣ, ಕಲಿಕೆಯ ಮಾತು ನಿಜ. ಆದರೆ ಈಗ ಜನರ ಕಣ್ಣು ಹೋಗುವುದು ದೀಪಾಲಂಕಾರದ ಚಪ್ಪರ ಹಾಕಿಸಿ, ವಾದ್ಯದೊಂದಿಗೆ ಮೆರವಣಿಗೆ ಮಾಡಿಸುವ ಉಳ್ಳವರ ಜೋಡಿಯ ಕಡೆಗೆ. ಮರದಡಿ ಎರಡು ಹೋರಿಗರು ಕಟ್ಟಿಕೊಂಡು ಗಿರಾಕಿಗಾಗಿ ಕಾಯುವ ಸಣ್ಣ ರೈತನೂ ಅವರೊಡನೆ ಸರಿಗಟ್ಟಲು ಸಾಲ ಮಾಡಿದರೆ ಅದನ್ನು ಪದ್ಧತಿ ಎಂದು ಹೊಗಳಲು ನನಗೆ ಮನಸ್ಸು ಬಾರದು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ವ್ಯಾಪಾರವಂತೂ ನಿಲ್ಲಲೇಬೇಕು. ದಲ್ಲಾಳಿ ಕೊಳ್ಳುವವನಿಗೆ ಎಷ್ಟು ಹೇಳಿದ, ಮಾರುವವನಿಗೆ ಎಷ್ಟು ಹೇಳಿದ ಎಂಬುದು ಪಕ್ಕದಲ್ಲೇ ನಿಂತ ಮಗನಿಗೂ ತಿಳಿಯುವುದಿಲ್ಲ.

ದೊಡ್ಡಬಳ್ಳಾಪುರದ ರೈತ
ಟವೆಲ್ಲಿನ ಮರೆ ಇರುವುದು ಒಬ್ಬ ಗಿರಾಕಿ ಕೇಳಿದ ಬೆಲೆ ಇನ್ನೊಬ್ಬನಿಗೆ ಗೊತ್ತಾಗಬಾರದೆಂದು. ಅದರಿಂದ ಮಾರುವವನಿಗೂ ಅನುಕೂಲವಿದೆ. ದಲ್ಲಾಳಿಯಿಲ್ಲದೆ ನೇರವಾಗಿ ಬೆರಳು ಹಿಡಿಯುವುದನ್ನು ಮಗನಿಗೆ ಕಲಿಸಿದರೆ ನಿಮ್ಮ ಆಕ್ಷೇಪಕ್ಕೆ ಎಡೆಯಿರದು. ಆಂಧ್ರ, ತಮಿಳುನಾಡು ಮತ್ತು ಉತ್ತರ ಕರ್ನಾಟಕದ ರೈತರು ಇಲ್ಲಿಗೆ ಕೊಳ್ಳಲು ಬರುವುದರಿಂದಲೇ ನಮ್ಮ ಕಡೆ ಹಸು ಕಟ್ಟಿ ಕರು ಬೆಳೆಸುವ ಮನೆಗಳು ಉಳಿದಿವೆ. ಜಾತ್ರೆ ನಿಂತರೆ ತಳಿಯೂ ಸೊರಗುತ್ತದೆ.

ಪಶುವೈದ್ಯ, ತುಮಕೂರು
ಚರ್ಮಗಂಟು ರೋಗ ಹರಡಿದ್ದ 2022ರ ಕೊನೆಯಲ್ಲಿ ದನಗಳ ಜಾತ್ರೆಗಳನ್ನು ನಿಷೇಧಿಸಿದಾಗ ಅನೇಕ ಮನೆಗಳವರು ನೊಂದುಕೊಂಡರು. ಆದರೂ ಆ ಕ್ರಮ ಸರಿಯಾಗಿತ್ತು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ಆ ರೋಗಕ್ಕೆ ದೂರದೂರದ ದನಗಳು ಒಂದೇ ಬಯಲಿನಲ್ಲಿ ಸೇರುವುದಕ್ಕಿಂತ ಒಳ್ಳೆಯ ಅವಕಾಶ ಬೇರಿಲ್ಲ. ಜಾತ್ರೆಗೆ ಹೊರಡುವ ಹಿಂದಿನ ದಿನ ಲಸಿಕೆ ಕೇಳಿಕೊಂಡು ಬರುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ, ರಕ್ಷಣೆ ಬೆಳೆಯಲು 2–3 ವಾರ ಬೇಕು. ಕೊಂಬು ಹೆರೆಯುವ ಹೊತ್ತಿಗೇ ಚರ್ಮಗಂಟು ಮತ್ತು ಕಾಲುಬಾಯಿ ರೋಗದ ಲಸಿಕೆ ಆಗಿದೆಯೇ ಎಂದು ನೋಡುವುದನ್ನು ಮನೆಯ ರೂಢಿಗೆ ಸೇರಿಸಿಕೊಳ್ಳಿ. ಜಾತ್ರೆಯಿಂದ ತಂದ ದನವನ್ನು ಕೆಲವು ವಾರ ಬೇರೆ ಕಟ್ಟಿ, ಬೇರೆ ಬಾನಿಯಲ್ಲಿ ನೀರು ಕೊಡಿ.

ಮಾಗಡಿ ಕಡೆಯ ಗೃಹಿಣಿ
ಹಿರಿಯರು ಮೊಮ್ಮಕ್ಕಳಿಗೆ ಹಲ್ಲು ತೋರಿಸುತ್ತಾರೆ ಎಂದು ಅಣ್ಣನವರು ಬರೆದಿದ್ದಾರೆ. ಆ ಮೊಮ್ಮಕ್ಕಳಲ್ಲಿ ಹೆಣ್ಣುಮಕ್ಕಳು ಎಷ್ಟು ಜನ? ಹುರುಳಿ ಬೇಯಿಸುವವರು, ಬೂಸಾ ಕಲಸುವವರು, ಹೋರಿ ಮೇವು ಬಿಟ್ಟರೆ ಮೊದಲು ಗಮನಿಸುವವರು ನಾವು. ನಮ್ಮ ಮನೆಯಲ್ಲಿ ಹೋರಿಗಳು ಹೆಸರು ಹಿಡಿದು ಕರೆದರೆ ತಿರುಗುವುದು ನನ್ನ ಅತ್ತೆಯ ದನಿಗೆ ಮಾತ್ರ. ಆದರೆ ಜಾತ್ರೆಯಲ್ಲಿ ಮಾರಿದ ಸುದ್ದಿ ಅವರಿಗೆ ಫೋನಿನಲ್ಲಿ ಬರುತ್ತದೆ.

ಬೆಂಗಳೂರಿನಲ್ಲಿ ನೆಲೆಸಿರುವ ರೈತನ ಮಗ
ಅಕ್ಕ, ನೀವು ಹೇಳಿದ ಮೇಲೆ ಬೆಲೆಯ ಗುಟ್ಟಿಗಿಂತ ಇದೇ ದೊಡ್ಡ ಕೊರತೆ ಎನ್ನಿಸುತ್ತಿದೆ. ಹೆಣ್ಣುಮಕ್ಕಳು ಹೋಗದಿರುವುದಕ್ಕೆ ಪದ್ಧತಿಯೇ ಅಡ್ಡಿಯೇ, ಅನುಕೂಲವಿಲ್ಲದಿರುವುದೇ?

ಮಾಗಡಿ ಕಡೆಯ ಗೃಹಿಣಿ
ಎರಡೂ ಹೌದು. ಆದರೆ ಅನುಕೂಲದ ಮಾತನ್ನು ಮೊದಲು ಸರಿಪಡಿಸಬಹುದು. ದನಗಳಿಗೆ ನೀರಿನ ತೊಟ್ಟಿ ಎಲ್ಲಿರಬೇಕೆಂದು ಯೋಚಿಸುವವರು, ರಾತ್ರಿ ತಂಗುವ ಹೆಂಗಸರಿಗೆ ಶೌಚಾಲಯ ಮತ್ತು ಬೆಳಕು ಎಲ್ಲಿರಬೇಕೆಂದೂ ಯೋಚಿಸಲಿ. ಮಾರುವ ದಿನ ಅತ್ತೆಯವರೂ ಚಪ್ಪರದಲ್ಲಿರಬೇಕು, ಅವರು ಒಪ್ಪಿದ ಮೇಲೆಯೇ ಹಗ್ಗ ಕೈಬದಲಾಗಬೇಕು ಎಂದು ನಾನು ಮನೆಯಲ್ಲಿ ಕೇಳಿದ್ದೇನೆ. ಯಜಮಾನರು ಇನ್ನೂ ಉತ್ತರ ಕೊಟ್ಟಿಲ್ಲ.