ತೊಡೆಯ ಸಾರ್ಕೋಮಾ: ಮುಂದಿನ ರೇಡಿಯೇಶನ್‌ಗೆ ಥಿಯೇಟರ್‌ನಲ್ಲೇ ಏನು ನೋಡಿಕೊಳ್ಳಬೇಕು?

ಪ್ರಶ್ನೆ — ಸರ್ಜರಿ ಪಿಜಿ

ನಮಸ್ಕಾರ. ತೊಡೆಯ ಮುಂಭಾಗದ ಸ್ನಾಯುವಿನೊಳಗೆ 9 ಸೆಂ.ಮೀ. ಗಡ್ಡೆ, ಬಯಾಪ್ಸಿಯಲ್ಲಿ ಹೈ ಗ್ರೇಡ್ (ವೇಗವಾಗಿ ಬೆಳೆಯುವ ಬಗೆಯ) ಸಾರ್ಕೋಮಾ, ಅಂದರೆ ಸ್ನಾಯು, ಕೊಬ್ಬಿನಂಥ ಮೃದು ಅಂಗಾಂಶದ ಕ್ಯಾನ್ಸರ್. ಕಾಲು ಉಳಿಸಿ ಗಡ್ಡೆ ತೆಗೆದು ಆಮೇಲೆ ರೇಡಿಯೇಶನ್ ಕೊಡುವುದೆಂದು ಟ್ಯೂಮರ್ ಬೋರ್ಡ್‌ನಲ್ಲಿ (ಎಲ್ಲ ವಿಭಾಗದ ವೈದ್ಯರ ಜಂಟಿ ಸಭೆ) ತೀರ್ಮಾನವಾಗಿದೆ. ರೇಡಿಯೇಶನ್ ವಿಭಾಗಕ್ಕೆ ತೊಡಕಾಗದಂತೆ ಆಪರೇಶನ್ ಹೊತ್ತಿನಲ್ಲಿ ನಾವೇನು ಮಾಡಬೇಕು? ಎಷ್ಟು ವಾರಕ್ಕೆ ಕಳಿಸಬೇಕು?

ಉತ್ತರ — ರೇಡಿಯೇಶನ್ ಆಂಕಾಲಜಿ

ಮುಂಚೆಯೇ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಈ ಪ್ರಶ್ನೆ ಹೆಚ್ಚಾಗಿ ಹೊಲಿಗೆ ಬಿಚ್ಚಿದ ಮೇಲೆ ಬರುತ್ತದೆ, ಆಗ ಸರಿಪಡಿಸಲು ಏನೂ ಉಳಿದಿರುವುದಿಲ್ಲ.

ಎಲ್ಲಕ್ಕಿಂತ ಮೊದಲು ಡ್ರೇನ್, ಅಂದರೆ ಗಾಯದ ನೀರು ಹೊರಹೋಗಲು ಇಡುವ ಕೊಳವೆ. ಅದು ಹೊರಬರುವ ತೂತು ಇನ್ಸಿಷನ್‌ನ (ಕೊಯ್ದ ಗೆರೆಯ) ನೇರಕ್ಕೇ, ಅದರ ತುದಿಗೆ ಹತ್ತಿರವೇ ಇರಲಿ. ಆರೇಳು ಸೆಂ.ಮೀ. ಪಕ್ಕಕ್ಕೆ ತೆಗೆದರೆ ಆ ದಾರಿಯನ್ನೂ ನಾವು ಫೀಲ್ಡ್‌ಗೆ (ವಿಕಿರಣ ಕೊಡುವ ಜಾಗಕ್ಕೆ) ಸೇರಿಸಿಕೊಳ್ಳಬೇಕಾಗುತ್ತದೆ. ತೊಡೆಯ ಸುತ್ತಳತೆಯಲ್ಲಿ ವಿಕಿರಣ ತಾಗದ ಒಂದು ಪಟ್ಟಿ ಉಳಿಯಲೇಬೇಕು, ದುಗ್ಧರಸ ಮೇಲಕ್ಕೆ ಹೋಗುವುದು ಅದರಲ್ಲೇ. ಅದೂ ಹೋದರೆ ಕಾಲಿನ ಬಾವು ಇಳಿಯುವುದೇ ಇಲ್ಲ. ಇನ್ಸಿಷನ್ ಕೂಡ ಉದ್ದುದ್ದಕ್ಕೇ, ಅಡ್ಡ ಬೇಡ.

ಗಡ್ಡೆ ಇದ್ದ ಜಾಗದ ಮೇಲ್ತುದಿ, ಕೆಳತುದಿ, ಎರಡು ಪಕ್ಕ, ತಳ, ಇಷ್ಟಕ್ಕೂ ಟೈಟಾನಿಯಂ ಕ್ಲಿಪ್ ಹಾಕಿ, ಸಿಟಿಯಲ್ಲಿ ಜಾಗ ಗುರುತಿಸಲು ಅವೇ ನಮಗೆ ಗುರುತು. ನರ ಅಥವಾ ರಕ್ತನಾಳದ ಪಕ್ಕ ಮಾರ್ಜಿನ್ (ಗಡ್ಡೆಯ ಸುತ್ತ ಸೇರಿಸಿ ತೆಗೆದ ಆರೋಗ್ಯಕರ ಭಾಗ) ಕಡಿಮೆ ಸಿಕ್ಕಿದೆ ಅನ್ನಿಸಿದರೆ ಅಲ್ಲಿ ಇನ್ನೊಂದೆರಡು ಹಾಕಿ, ನೋಟ್ಸ್‌ನಲ್ಲಿ ಜಾಗ ಬರೆಯಿರಿ. ತೊಡೆಮೂಳೆಯ ಪೆರಿಯಾಸ್ಟಿಯಂ (ಮೂಳೆಯ ಹೊರಪೊರೆ) ಬಿಡಿಸಿದ್ದರೆ ತಪ್ಪದೆ ಬರೆಯಿರಿ, ವರ್ಷಗಳ ಮೇಲೆ ಮೂಳೆ ಮುರಿಯುವ ಅಪಾಯ ಅಲ್ಲಿಂದಲೇ ಹೆಚ್ಚುತ್ತದೆ. ಆಪರೇಶನ್‌ಗೆ ಮುಂಚಿನ ಎಂಆರ್‌ಐ ಸಿಡಿಯನ್ನೂ ಕಳಿಸಿ, ರಿಪೋರ್ಟ್ ಒಂದೇ ಸಾಲದು.

ರೇಡಿಯೇಶನ್ ಶುರುವಾಗುವ ಹೊತ್ತಿಗೆ ಗಾಯ ಪೂರ್ತಿ ಮಾಗಿರಬೇಕು, ಸಾಮಾನ್ಯವಾಗಿ ಆಪರೇಶನ್ ಆಗಿ 4ರಿಂದ 6 ವಾರ. ಆದರೆ ರೋಗಿಯನ್ನು ಎರಡನೇ ವಾರವೇ ನಮಗೆ ತೋರಿಸಿ. ಡೋಸ್ 25 ಫ್ರಾಕ್ಷನ್‌ಗೆ (ದಿನಕ್ಕೊಂದರಂತೆ ಕೊಡುವ ಕಂತು) 50 ಗ್ರೇ (ವಿಕಿರಣದ ಅಳತೆ), ಬಳಿಕ ಕಿರಿದಾದ ಜಾಗಕ್ಕೆ 10ರಿಂದ 16 ಗ್ರೇ ಬೂಸ್ಟ್ (ಹೆಚ್ಚುವರಿ ಡೋಸ್).

ಉತ್ತರ — ಆಂಕೋಸರ್ಜನ್

ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ಒಂದು ಮಾತು: ರೇಡಿಯೇಶನ್ ಆಪರೇಶನ್‌ಗಿಂತ ಮೊದಲು ಕೊಡುವುದರ ಚರ್ಚೆ ಬೋರ್ಡ್‌ನಲ್ಲಿ ಆಗಿದೆಯೇ, ಕೇಳಿ ನೋಡಿ. 2002ರಲ್ಲಿ ಪ್ರಕಟವಾದ ಕೆನಡಾದ ಟ್ರಯಲ್‌ನಲ್ಲಿ ಮೊದಲೇ ಕೊಟ್ಟವರಲ್ಲಿ (50 ಗ್ರೇ) ಗಾಯದ ತೊಂದರೆ ಶೇ. 35, ಆಮೇಲೆ ಕೊಟ್ಟವರಲ್ಲಿ (66 ಗ್ರೇ) ಶೇ. 17. ತೊಡೆಯಲ್ಲಿ ಈ ಭಯ ತೋಳಿಗಿಂತ ಜಾಸ್ತಿ. ಆದರೆ ಗಾಯ ಹೇಗೋ ಮಾಗುತ್ತದೆ. ಆಮೇಲೆ ಕೊಟ್ಟಾಗ ಫೀಲ್ಡೂ ದೊಡ್ಡದು, ಡೋಸೂ ಹೆಚ್ಚು, ಹಾಗಾಗಿ ಸ್ನಾಯು ಗಟ್ಟಿಯಾಗಿ ಮಂಡಿ ಮಡಚದಾಗುವುದು ಹೆಚ್ಚು, ಅದು ಹಿಂದಕ್ಕೆ ಬರುವುದಿಲ್ಲ. ವಯಸ್ಸು ಚಿಕ್ಕದಾದರೆ ನನ್ನ ಒಲವು ಮೊದಲು ಕೊಡುವ ಕಡೆಗೇ.

ಉತ್ತರ — ಮೆಡಿಕಲ್ ಫಿಸಿಕ್ಸ್

ಪ್ಲಾನಿಂಗ್ ಸಿಟಿ (ವಿಕಿರಣ ಎಲ್ಲಿ, ಎಷ್ಟು ಎಂದು ಲೆಕ್ಕ ಹಾಕಲು ಮಾಡುವ ಸ್ಕ್ಯಾನ್) ದಿನ ಆಪರೇಶನ್ ಕಲೆಯ ಉದ್ದಕ್ಕೂ, ಡ್ರೇನ್ ತೂತಿನ ಮೇಲೂ ತೆಳು ತಂತಿ ಅಂಟಿಸುತ್ತೇವೆ. ದಿನಾ ಒಂದೇ ರೀತಿ ಹೊಂದಿಸಲು ಹೆಚ್ಚು ಕಷ್ಟವಾಗುವುದು ತೊಡೆಯ ತಿರುವು: ಪಾದ ಕೊಂಚ ಹೊರಳಿದರೂ ಕಲೆ ಪಕ್ಕಕ್ಕೆ ಸರಿದಿರುತ್ತದೆ. ಆದ್ದರಿಂದ ಕಾಲು ಅಲ್ಲಾಡದಂತೆ ಹಿಡಿಯುವ ವ್ಯಾಕ್ಯೂಮ್ ಬ್ಯಾಗ್ ಪಾದದವರೆಗೂ ಬರಬೇಕು, ಮಂಡಿಗೆ ಮಾತ್ರ ನಿಂತರೆ ಸಾಲದು. ತೊಡೆಮೂಳೆಗೆ ಸರಾಸರಿ 37 ಗ್ರೇ, ಗರಿಷ್ಠ 59 ಗ್ರೇ ದಾಟದಂತೆ, 40 ಗ್ರೇ ಬೀಳುವ ಭಾಗ ಶೇ. 64ಕ್ಕಿಂತ ಕಡಿಮೆ ಇರುವಂತೆ ಪ್ಲಾನ್ ಮಾಡುತ್ತೇವೆ. ನಡುವೆ ಸೀರೋಮಾ (ಗಾಯದೊಳಗೆ ಸೇರುವ ನೀರು) ತುಂಬಿದರೆ ಅಥವಾ ಇಳಿದರೆ ತೊಡೆಯ ಆಕಾರವೇ ಬದಲಾಗುತ್ತದೆ. ಸೂಜಿ ಹಾಕಿ ನೀರು ತೆಗೆಯುವ ಮುಂಚೆ ದಯವಿಟ್ಟು ನಮಗೊಂದು ಫೋನ್ ಮಾಡಿ, ಮತ್ತೆ ಸಿಟಿ ಮಾಡಬೇಕಾಗಬಹುದು.

ಉತ್ತರ — ಫಿಸಿಯೋಥೆರಪಿ

ಮಂಡಿ ಮಡಚುವ ವ್ಯಾಯಾಮ ರೇಡಿಯೇಶನ್ ಮುಗಿಯಲಿ ಎಂದು ಕಾಯಬೇಡಿ. ಗಾಯ ತಡೆಯುವಷ್ಟಾದ ಕೂಡಲೇ ಶುರು, ಚಿಕಿತ್ಸೆ ನಡೆಯುವಾಗಲೂ ದಿನಾ. ತೊಡೆಸಂದಿಯ ಚರ್ಮ ಒದ್ದೆಯಾಗಿ ಸುಲಿದರೆ ಆ ಜಾಗ ಉಜ್ಜದ ವ್ಯಾಯಾಮಕ್ಕೆ ಬದಲಾಯಿಸಿ, ಪೂರ್ತಿ ನಿಲ್ಲಿಸಬೇಡಿ. ಮುಗಿದ ಮೇಲೂ ಕನಿಷ್ಠ ಒಂದೆರಡು ವರ್ಷ ಬಿಡದೆ ಮಾಡಿಸಿ, ಫೈಬ್ರೋಸಿಸ್ (ಅಂಗಾಂಶ ಗಟ್ಟಿಯಾಗುವುದು) ನಿಧಾನವಾಗಿ ಬಿಗಿಯುವುದು ಆಗಲೇ.