ನೋಶನ್: ದಾವಣಗೆರೆಯಲ್ಲಿ ಕಾಣುವ ಕೆಲಸದ ಪಟ್ಟಿ ಚಿತ್ರದುರ್ಗದ ಶಾಖೆಗೆ ಖಾಲಿ, ಕನ್ನಡ ಹುಡುಕಾಟವೂ ಅರ್ಧಂಬರ್ಧ

ಹದಡಿ ರಸ್ತೆ (ಪ್ರಶ್ನೆ)

ನಮಸ್ಕಾರ. ನಮ್ಮದು ಹನಿ ನೀರಾವರಿ ಮತ್ತು ಸೌರ ಪಂಪ್‌ಸೆಟ್ ಅಳವಡಿಸಿಕೊಡುವ ಸಣ್ಣ ಸಂಸ್ಥೆ. ಮುಖ್ಯ ಕಚೇರಿ ದಾವಣಗೆರೆಯಲ್ಲಿದೆ, ಶಾಖೆ ಚಿತ್ರದುರ್ಗದಲ್ಲಿದೆ. ಚನ್ನಗಿರಿಯ ಅಡಿಕೆ ತೋಟಗಳಿಂದ ಹಿರಿಯೂರಿನ ದಾಳಿಂಬೆ ತೋಟಗಳವರೆಗೆ ಕೆಲಸ ಹರಡಿಕೊಂಡಿದೆ. ರೈತರ ಪಹಣಿ, ಬೋರ್‌ವೆಲ್ ಇಳುವರಿಯ ವರದಿ, ಸಹಾಯಧನದ ಅರ್ಜಿ ಎಲ್ಲಿಗೆ ಬಂತೆಂಬ ವಿವರ, ಅಳವಡಿಕೆಯ ವಿಧಾನ ಎಲ್ಲವೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮತ್ತು ಒಬ್ಬೊಬ್ಬರ ಲ್ಯಾಪ್‌ಟಾಪಿನಲ್ಲಿ ಚದುರಿಹೋಗಿದ್ದ ಕಾರಣ, ಅವನ್ನು ಒಂದೇ ಕಡೆ ಇರಿಸಲೆಂದು ನೋಶನ್ ಎಂಬ ಟಿಪ್ಪಣಿ ಮತ್ತು ಡೇಟಾಬೇಸ್ ಆ್ಯಪನ್ನು ಬಳಸಲು ಆರಂಭಿಸಿದೆವು.

ಮೊದಲು ಸೇರಿಸಿದ ಯೋಜನೆಗಳಿಗೆ ‘ಮಾದರಿ ಯೋಜನೆ’ ಎಂಬ ಪುಟವನ್ನು ನಕಲು ಮಾಡಿಕೊಂಡೆವು. ಕೆಲಸಗಳ ಪಟ್ಟಿ ಆ ಪುಟದೊಳಗೇ ಇರುತ್ತದೆ. ಇತ್ತೀಚಿನ ಯೋಜನೆಗಳಲ್ಲಿ ಹಾಗೆ ಮಾಡದೆ, ಮುಖ್ಯ ಕಚೇರಿಯ ಟೀಮ್‌ಸ್ಪೇಸ್‌ನಲ್ಲಿರುವ (ತಂಡದ ಸದಸ್ಯರು ಹಂಚಿಕೊಳ್ಳುವ ಜಾಗ) ‘ಕೆಲಸಗಳು’ ಎಂಬ ಸಾಮಾನ್ಯ ಡೇಟಾಬೇಸಿನ ಲಿಂಕ್ಡ್ ವ್ಯೂ, ಅಂದರೆ ಬೇರೆಡೆ ಇರುವ ಪಟ್ಟಿಯನ್ನು ಇಲ್ಲಿ ತೋರಿಸುವ ನೋಟ, ಇಟ್ಟಿದ್ದೇವೆ. ಚಿತ್ರದುರ್ಗದ ಸೈಟ್ ಎಂಜಿನಿಯರುಗಳನ್ನು ಆಯಾ ಯೋಜನೆಯ ಪುಟಕ್ಕೆ ಅತಿಥಿಗಳಾಗಿ ಆಹ್ವಾನಿಸಲಾಗಿದೆ.

ತೊಂದರೆ ಎರಡು ತೆರನಾಗಿದೆ. ಹೊಸ ಯೋಜನೆಗಳ ಪುಟ ತೆರೆದರೆ ನಮಗೆ ಇಪ್ಪತ್ತು, ಮೂವತ್ತು ಸಾಲುಗಳ ಪಟ್ಟಿ ಕಾಣುತ್ತದೆ, ಚಿತ್ರದುರ್ಗದವರಿಗೆ ಅದೇ ಜಾಗ ಖಾಲಿ. ‘ಶೇಕಡಾ ಎಷ್ಟು ಮುಗಿದಿದೆ’ ಎಂದು ತೋರಿಸಬೇಕಾದ ರೋಲಪ್ (ಜೋಡಿಸಿದ ಸಾಲುಗಳನ್ನು ಎಣಿಸುವ ಕಾಲಂ) ಕೂಡ ಅವರಿಗೆ ಬರಿದಾಗಿಯೇ ಇರುತ್ತದೆ. ಹಳೆಯ ಯೋಜನೆಗಳಲ್ಲಿ ಇದಕ್ಕೆ ತದ್ವಿರುದ್ಧ: ಅವರಿಗೆ ಎಲ್ಲವೂ ಕಾಣುತ್ತದೆ, ಅವರು ಕೆಲಸ ಮುಗಿಯಿತೆಂದು ಗುರುತು ಹಾಕುತ್ತಾರೆ, ಆದರೆ ನಮ್ಮ ಮುಖಪುಟದ ಒಟ್ಟು ಲೆಕ್ಕದಲ್ಲಿ ಅದು ಸೇರುವುದಿಲ್ಲ. ಇವುಗಳ ಜೊತೆಗೆ, ಹೊಳಲ್ಕೆರೆ ಎಂದು ಹುಡುಕಿದರೆ ಕೆಲವು ಪುಟಗಳು ಸಿಗುತ್ತವೆ, ಕಣ್ಣೆದುರಿಗೇ ಇರುವ ಇನ್ನು ಕೆಲವು ಸಿಗುವುದಿಲ್ಲ. ಬ್ರೌಸರ್ ಬದಲಿಸಿ, ಲಾಗೌಟ್ ಆಗಿ, ಮೊಬೈಲಿನಲ್ಲಿ ತೆರೆದು ನೋಡಿದ್ದಾಗಿದೆ. ದಯವಿಟ್ಟು ದಾರಿ ತೋರಿಸಿ.

ಮಂಡಕ್ಕಿ ಭಟ್ಟಿ

ಉತ್ತರಿಸುವ ಮೊದಲು ಒಂದು ಪರೀಕ್ಷೆ ಮಾಡಿ ತಿಳಿಸಿ. ಚಿತ್ರದುರ್ಗದ ಯಾರಾದರೊಬ್ಬರಿಗೆ ‘ಕೆಲಸಗಳು’ ಡೇಟಾಬೇಸಿನ ಮೂಲ ಪುಟದ ಕೊಂಡಿಯನ್ನು ನೇರವಾಗಿ ಕಳುಹಿಸಿ, ಅದು ತೆರೆಯುತ್ತದೆಯೇ ನೋಡಿ. ಲಿಂಕ್ಡ್ ವ್ಯೂ ಇರುವ ಯೋಜನೆಯ ಪುಟದ ಕೊಂಡಿ ಬೇಡ, ಮೂಲದ್ದೇ ಆಗಬೇಕು.

ಹದಡಿ ರಸ್ತೆ

ಕಳುಹಿಸಿದೆ. ಪ್ರವೇಶವಿಲ್ಲ ಎಂದು ಬರುತ್ತಿದೆ. ಅದೇ ವ್ಯಕ್ತಿಗೆ ಯೋಜನೆಯ ಪುಟ ಯಾವ ತಡೆಯೂ ಇಲ್ಲದೆ ತೆರೆಯುತ್ತದೆ.

ಮಂಡಕ್ಕಿ ಭಟ್ಟಿ

ಹಾಗಿದ್ದರೆ ನಿಮ್ಮ ಎರಡು ತೊಂದರೆಗಳ ಮೂಲ ಒಂದೇ: ಡೇಟಾಬೇಸು ಎಲ್ಲಿ ವಾಸವಾಗಿದೆ ಎಂಬುದು.

ಲಿಂಕ್ಡ್ ವ್ಯೂ ಎಂಬುದು ಕಿಟಕಿ ಮಾತ್ರ. ಕಿಟಕಿಯನ್ನು ಯಾವ ಪುಟದ ಗೋಡೆಗೆ ಕೂರಿಸಿದರೂ, ಒಳಗಿನ ಸಾಮಾನನ್ನು ನೋಡುವ ಹಕ್ಕು ಮೂಲ ಡೇಟಾಬೇಸಿನ ಅನುಮತಿಯಿಂದಲೇ ಬರಬೇಕು. ನೋಶನ್‌ನಲ್ಲಿ ಅನುಮತಿ ಮೇಲಿನ ಪುಟದಿಂದ ಕೆಳಗಿನ ಪುಟಕ್ಕೆ ಇಳಿಯುತ್ತದೆ. ರಿಲೇಶನ್ (ಒಂದು ಡೇಟಾಬೇಸಿನ ಸಾಲನ್ನು ಇನ್ನೊಂದರ ಸಾಲಿಗೆ ಜೋಡಿಸುವ ಕಾಲಂ) ಅಥವಾ ಲಿಂಕ್ಡ್ ವ್ಯೂ ಮೂಲಕ ಅಡ್ಡಡ್ಡವಾಗಿ ಹರಿಯುವುದಿಲ್ಲ. ನಿಮ್ಮ ಅತಿಥಿಗಳು ಆಹ್ವಾನ ಪಡೆದಿರುವುದು ಯೋಜನೆಯ ಪುಟಕ್ಕೆ. ‘ಕೆಲಸಗಳು’ ಇರುವುದು ಮುಖ್ಯ ಕಚೇರಿಯ ಟೀಮ್‌ಸ್ಪೇಸ್‌ನಲ್ಲಿ, ಅತಿಥಿಗಳನ್ನು ಟೀಮ್‌ಸ್ಪೇಸ್‌ಗೆ ಸೇರಿಸಲು ಬರುವುದೂ ಇಲ್ಲ. ಆದ್ದರಿಂದ ಸಾಲುಗಳು ಕಾಣುವುದಿಲ್ಲ, ಸಾಲುಗಳು ಕಾಣದಿದ್ದ ಮೇಲೆ ಅವುಗಳನ್ನು ಎಣಿಸುವ ರೋಲಪ್‌ಗೂ ತೋರಿಸಲು ಏನೂ ಉಳಿಯುವುದಿಲ್ಲ.

ಹಳೆಯ ಯೋಜನೆಗಳಲ್ಲಿ ಆಗಿರುವುದು ಇದರ ಇನ್ನೊಂದು ಮಗ್ಗುಲು. ಪುಟವನ್ನು ನಕಲು ಮಾಡಿದಾಗ ಅದರೊಳಗಿರುವ ಮೂಲ ಡೇಟಾಬೇಸು ಕೂಡ ನಕಲಾಗಿ, ಹೆಸರು ಒಂದೇ ಇದ್ದರೂ ಬೇರೆಯದೇ ಆದ ಡೇಟಾಬೇಸು ಹುಟ್ಟುತ್ತದೆ. ಅದು ಯೋಜನೆಯ ಪುಟದೊಳಗೇ ಇರುವುದರಿಂದ ಅತಿಥಿಗಳಿಗೆ ಅನುಮತಿ ತಾನಾಗಿಯೇ ಸಿಕ್ಕಿದೆ. ಮುಖಪುಟದ ಲೆಕ್ಕ ನೋಡುತ್ತಿರುವುದು ಸಾಮಾನ್ಯ ‘ಕೆಲಸಗಳು’ ಡೇಟಾಬೇಸನ್ನು ಮಾತ್ರವಾದ್ದರಿಂದ ಅಲ್ಲಿಗೆ ಇದು ತಲುಪುತ್ತಿಲ್ಲ.

ಸರಿಪಡಿಸುವ ಕ್ರಮ ಹೀಗಿರಲಿ. ಮೊದಲು ಪ್ರತಿಯೊಂದು ಹಳೆಯ ಪಟ್ಟಿಯನ್ನೂ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಕಡತ) ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ ಹೊರಗೆ ಇಟ್ಟುಕೊಳ್ಳಿ. ನೋಶನ್‌ನ ಉಚಿತ ಪ್ಲಾನಿನಲ್ಲಿ ಪುಟದ ಇತಿಹಾಸ ಹಿಂದಿನ 7 ದಿನಗಳದ್ದು ಮಾತ್ರ ಸಿಗುತ್ತದೆ, ಹಣ ಕೊಡುವ ಪ್ಲಸ್ ಪ್ಲಾನಿನಲ್ಲಿ 30 ದಿನಗಳದ್ದು. ಅದನ್ನೇ ನಂಬಿಕೊಂಡು ಇಷ್ಟು ದೊಡ್ಡ ಸ್ಥಳಾಂತರಕ್ಕೆ ಕೈಹಾಕಬಾರದು. ಅನಂತರ ಹಳೆಯ ಪಟ್ಟಿಯ ಕಾಲಂಗಳ ಹೆಸರು ಮತ್ತು ಬಗೆ ಎರಡೂ ಸಾಮಾನ್ಯ ಪಟ್ಟಿಯೊಂದಿಗೆ ತಾಳೆಯಾಗುವಂತೆ ಮಾಡಿ. ಒಂದರಲ್ಲಿ ‘ಸ್ಥಿತಿ’, ಇನ್ನೊಂದರಲ್ಲಿ ‘ಹಂತ’ ಎಂದಿದ್ದರೆ ಅದು ಎರಡು ಬೇರೆ ಕಾಲಂ. ಆಮೇಲೆ ಒಂದೆರಡು ಸಾಲುಗಳನ್ನು ಮಾತ್ರ ‘ಮೂವ್ ಟು’ ಮೂಲಕ ಸಾಮಾನ್ಯ ಡೇಟಾಬೇಸಿಗೆ ಸಾಗಿಸಿ, ಎಲ್ಲ ವಿವರಗಳೂ ಬಂದಿವೆಯೇ ಎಂದು ತೆರೆದು ನೋಡಿ. ಬಂದಿದ್ದರೆ ಉಳಿದವನ್ನು ಒಟ್ಟಾಗಿ ಆಯ್ಕೆ ಮಾಡಿ ಸಾಗಿಸಬಹುದು. ಪ್ರತಿ ಸಾಲಿಗೂ ‘ಯೋಜನೆ’ ಎಂಬ ರಿಲೇಶನ್ ತುಂಬಲು ಮರೆಯಬೇಡಿ. ಅದಿಲ್ಲದಿದ್ದರೆ ಯಾವ ತೋಟದ ಕೆಲಸ ಯಾವುದೆಂದು ಗೊತ್ತಾಗದೆ ಎಲ್ಲವೂ ಕಲಸುಮೇಲೋಗರವಾಗುತ್ತದೆ.

ಮುಂದೆ ಪುಟಗಳನ್ನು ನಕಲು ಮಾಡುವ ಪದ್ಧತಿಯನ್ನೇ ಬಿಡಿ. ‘ಯೋಜನೆಗಳು’ ಎಂಬುದನ್ನೂ ಒಂದು ಡೇಟಾಬೇಸಾಗಿಸಿ, ಅದಕ್ಕೊಂದು ಟೆಂಪ್ಲೇಟ್ ಬರೆದು, ಟೆಂಪ್ಲೇಟಿನೊಳಗೆ ‘ಕೆಲಸಗಳು’ ಡೇಟಾಬೇಸಿನ ಲಿಂಕ್ಡ್ ವ್ಯೂ ಇಟ್ಟು, ‘ಯೋಜನೆ’ ರಿಲೇಶನ್‌ನಲ್ಲಿ ಇದೇ ಟೆಂಪ್ಲೇಟ್ ಇರಬೇಕೆಂದು ಫಿಲ್ಟರ್ ಹಾಕಿ. ಟೆಂಪ್ಲೇಟಿನಿಂದ ಹೊಸ ಯೋಜನೆಯನ್ನು ತೆರೆದಾಗ ಆ ಫಿಲ್ಟರ್ ತಾನಾಗಿಯೇ ಹೊಸ ಪುಟದ ಹೆಸರಿಗೆ ತಿರುಗಿಕೊಳ್ಳುತ್ತದೆ. ನೋಶನ್‌ನ ಅನುಕೂಲಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಇದು, ಬಹುಪಾಲು ಜನ ಬಳಸದೆ ಬಿಡುವುದೂ ಇದನ್ನೇ.

ಅನುಮತಿಯ ವಿಷಯ: ಮೂಲ ‘ಕೆಲಸಗಳು’ ಪುಟದ ಶೇರ್ ಗುಂಡಿಯಿಂದ ಚಿತ್ರದುರ್ಗದವರಿಗೆ ‘ಕ್ಯಾನ್ ಎಡಿಟ್ ಕಂಟೆಂಟ್’ ಕೊಡಿ. ಅವರು ಸಾಲುಗಳನ್ನು ಸೇರಿಸಬಹುದು, ತಿದ್ದಬಹುದು. ಕಾಲಂ ಅಳಿಸುವುದು, ವ್ಯೂ ಬದಲಿಸುವುದು ಅವರಿಂದ ಆಗುವುದಿಲ್ಲ.

ಒನಕೆ ಕಿಂಡಿ

ಮೇಲಿನ ಉತ್ತರ ಸರಿಯಾಗಿಯೇ ಇದೆ, ಆದರೆ ಒಂದು ಆಕ್ಷೇಪವಿದೆ. ಮೂಲ ಡೇಟಾಬೇಸನ್ನೇ ಹಂಚಿಕೊಂಡರೆ ಚಿತ್ರದುರ್ಗದ ಎಂಜಿನಿಯರಿಗೆ ದಾವಣಗೆರೆಯ ಎಲ್ಲ ಕೆಲಸಗಳೂ ಕಾಣುತ್ತವೆ. ಫಿಲ್ಟರ್ ಹಾಕಿದ್ದೇವಲ್ಲ ಎಂದು ಸಮಾಧಾನ ಪಡುವಂತಿಲ್ಲ, ಏಕೆಂದರೆ ಮೂಲವನ್ನು ತೆರೆದರೆ ಎಲ್ಲವೂ ಅಲ್ಲಿರುತ್ತದೆ. ಅಡಗಿಸಿಟ್ಟ ಕಾಲಂ ಕೂಡ ಸಾಲನ್ನು ಪುಟವಾಗಿ ತೆರೆದರೆ ಸಿಗುತ್ತದೆ. ಗುತ್ತಿಗೆದಾರರ ದರ, ಸಾಮಗ್ರಿಯ ಖರೀದಿ ಬೆಲೆ ಇಂಥವು ಅದೇ ಸಾಲಿನಲ್ಲಿದ್ದರೆ ಗುಟ್ಟು ರಟ್ಟಾದಂತೆಯೇ. ನಮ್ಮಲ್ಲಿ ಪವನ ಯಂತ್ರಗಳ ನಿರ್ವಹಣೆಯ ಕೆಲಸವಿದೆ. ಹೊರಗಿನ ತಂಡಗಳು ಅದೇ ಪಟ್ಟಿಯನ್ನು ನೋಡುವುದರಿಂದ ಈ ವಿಷಯದಲ್ಲಿ ತುಂಬ ಎಚ್ಚರ ವಹಿಸಬೇಕಾಗುತ್ತದೆ.

ಮಂಡಕ್ಕಿ ಭಟ್ಟಿ

ಒಪ್ಪುತ್ತೇನೆ. ಅದಕ್ಕೆ ಮದ್ದು ಈ ತೊಂದರೆಯೊಳಗೇ ಇದೆ. ದರ, ಬೆಲೆ ಮುಂತಾದವನ್ನು ‘ಕೆಲಸಗಳು’ ಡೇಟಾಬೇಸಿನಿಂದ ಕಿತ್ತು, ‘ದರಪಟ್ಟಿ’ ಎಂಬ ಪ್ರತ್ಯೇಕ ಡೇಟಾಬೇಸಿನಲ್ಲಿಟ್ಟು, ರಿಲೇಶನ್‌ನಿಂದ ಜೋಡಿಸಿ. ಅದನ್ನು ಅತಿಥಿಗಳಿಗೆ ಹಂಚಿಕೊಳ್ಳಬೇಡಿ. ಈಗ ಯಾವ ಗುಣದಿಂದ ಅವರಿಗೆ ಪಟ್ಟಿ ಖಾಲಿ ಕಾಣುತ್ತಿದೆಯೋ ಅದೇ ಗುಣದಿಂದ ಆಗ ಬೆಲೆಯ ಜಾಗ ಮಾತ್ರ ಖಾಲಿ ಕಾಣುತ್ತದೆ. ಒಂದೇ ಎಚ್ಚರಿಕೆ: ಖರೀದಿ ಬೆಲೆಯನ್ನು ಯಾರೋ ಅನುಕೂಲಕ್ಕೆಂದು ಕೆಲಸದ ಪುಟದ ಟಿಪ್ಪಣಿಯಲ್ಲಿ ಬರೆದುಬಿಟ್ಟರೆ ಈ ಏರ್ಪಾಡು ನಿಷ್ಪ್ರಯೋಜಕ.

ಎಣ್ಣೆಗಾಣ, ಚಳ್ಳಕೆರೆ

ಹುಡುಕಾಟದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಮುದ್ರಣಾಲಯದ ಕೆಲಸದಿಂದ ಬಂದವನಾದ್ದರಿಂದ ಈ ಕಾಟ ನನಗೆ ಚೆನ್ನಾಗಿ ಗೊತ್ತು. ಸಿಗದಿರುವ ಪುಟಗಳನ್ನು ಮೂರು ಗುಂಪು ಮಾಡಿ ನೋಡಿ.

ಮೊದಲನೆಯದು, ಹಳೆಯ ನುಡಿ ಅಥವಾ ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ, ಯುನಿಕೋಡ್ (ಎಲ್ಲ ಭಾಷೆಗಳಿಗೂ ಇರುವ ಸಾಮಾನ್ಯ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು. ಇವುಗಳಲ್ಲಿ ಕನ್ನಡ ಕಾಣುತ್ತಿದ್ದುದು ಆ ಫಾಂಟಿನ ಕೃಪೆಯಿಂದ. ಒಳಗೆ ಶೇಖರವಾಗಿರುವುದು ರೋಮನ್ ಅಕ್ಷರಗಳು. ನೋಶನ್‌ಗೆ ಅಂಟಿಸಿದಾಗ ಚುಕ್ಕೆ, ಗೀಟು ಹೊತ್ತ ರೋಮನ್ ಅಕ್ಷರಗಳ ಗಜಿಬಿಜಿ ಕಂಡರೆ ಅದು ಇದೇ. ಅದರಲ್ಲಿ ಹೊಳಲ್ಕೆರೆ ಎಂಬ ಪದವೇ ಇಲ್ಲ, ಹುಡುಕಾಟಕ್ಕೆ ಸಿಗುವುದಾದರೂ ಹೇಗೆ? ಮೂಲ ಕಡತವನ್ನು ಪರಿವರ್ತಕದಿಂದ ಯುನಿಕೋಡಿಗೆ ತಂದು, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿನಿಂದ ಒಮ್ಮೆ ಪರಿಶೀಲಿಸಿ ಆಮೇಲೆ ಅಂಟಿಸಬೇಕು. ಅಂಕಿಗಳಿರುವ ಕಡೆ, ಅಂದರೆ ಸರ್ವೆ ನಂಬರ್ ಇರುವಲ್ಲಿ, ವಿಶೇಷ ಗಮನ ಬೇಕು.

ಎರಡನೆಯದು ಸ್ಕ್ಯಾನ್ ಮಾಡಿದ ಪಹಣಿ, ಮಂಜೂರಾತಿ ಪತ್ರ ಇತ್ಯಾದಿ. ಅವು ಚಿತ್ರಗಳು. ಅವುಗಳ ಮುಖ್ಯ ವಿವರಗಳನ್ನು ಸಾಲಿನ ಕಾಲಂಗಳಲ್ಲಿ ಟೈಪ್ ಮಾಡುವುದೇ ಭರವಸೆಯ ದಾರಿ.

ಮೂರನೆಯದೇ ಮೋಸಗೊಳಿಸುವಂಥದ್ದು. ಹೊಳಲ್ಕೆರೆ ಎಂದು ಒತ್ತಕ್ಷರದೊಂದಿಗೆ ಬರೆಯುವವರಿದ್ದಾರೆ, ಹೊಳಲ್‌ಕೆರೆ ಎಂದು ಬಿಡಿಸಿ ಬರೆಯುವವರೂ ಇದ್ದಾರೆ. ಎರಡನೆಯ ರೂಪದಲ್ಲಿ ಲ್ ಮತ್ತು ಕೆ ನಡುವೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಚಿಹ್ನೆ ಕುಳಿತಿರುತ್ತದೆ. ಒತ್ತಕ್ಷರವಾಗದಂತೆ ತಡೆಯುವುದು ಅದೇ. ಓದುವವನಿಗೆ ಊರು ಒಂದೇ, ಯಂತ್ರಕ್ಕೆ ಪದಗಳು ಎರಡು. ಮೊಳಕಾಲ್ಮೂರು, ಮೊಳಕಾಲ್ಮುರು ಎಂಬ ದೀರ್ಘ, ಹ್ರಸ್ವದ ಗೊಂದಲ ಇದರ ಮೇಲೆ ಬೇರೆ. ಎಲ್ಲರೂ ಒಂದೇ ರೀತಿ ಬರೆಯಿರಿ ಎಂದು ಸುತ್ತೋಲೆ ಹೊರಡಿಸಿ ಪ್ರಯೋಜನವಿಲ್ಲ, ಕೀಲಿಮಣೆಗಳೇ ಬೇರೆ ಬೇರೆ. ತಾಲ್ಲೂಕಿನ ಹೆಸರನ್ನು ಟೈಪ್ ಮಾಡುವ ಅವಕಾಶವನ್ನೇ ತೆಗೆದು ಸೆಲೆಕ್ಟ್ ಕಾಲಂ ಮಾಡಿ. ಚಿತ್ರದುರ್ಗ ಜಿಲ್ಲೆಗೆ 6, ದಾವಣಗೆರೆಗೆ 6, ಒಟ್ಟು 12 ಆಯ್ಕೆಗಳು ಸಾಕು. ಹರಪನಹಳ್ಳಿಯ ಹಳೆಯ ಕೆಲಸಗಳಿದ್ದರೆ ಮಾತ್ರ ಗಮನಿಸಿ: ಆ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆದ್ದರಿಂದ ಜಿಲ್ಲೆಗೂ ತಾಲ್ಲೂಕಿಗೂ ಬೇರೆ ಬೇರೆ ಕಾಲಂ ಇರಲಿ.

ಯೋಜನೆಯನ್ನು ಗುರುತಿಸಲು ರೈತರ ಹೆಸರನ್ನು ನೆಚ್ಚಿಕೊಳ್ಳುವುದಕ್ಕಿಂತ ಐಡಿ ಕಾಲಂ ಸೇರಿಸುವುದು ಮೇಲು. ನೋಶನ್ ತಾನೇ ಕ್ರಮಸಂಖ್ಯೆ ಕೊಡುತ್ತದೆ, ಅದನ್ನು ಯಾರೂ ಕೈಯಿಂದ ತಿದ್ದಲಾಗುವುದಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ರೈತರು ನಮ್ಮ ಸೀಮೆಯಲ್ಲಿ ಅಪರೂಪವೇನೂ ಅಲ್ಲವಲ್ಲ.

ಹದಡಿ ರಸ್ತೆ

ಎಲ್ಲರಿಗೂ ಧನ್ಯವಾದಗಳು. ಅನುಮತಿ ಕೊಟ್ಟ ಕೂಡಲೇ ಚಿತ್ರದುರ್ಗದಲ್ಲಿ ಪಟ್ಟಿಯೂ ರೋಲಪ್ಪೂ ಕಾಣಿಸಿಕೊಂಡವು. ಹಳೆಯ ಪಟ್ಟಿಗಳ ಸಾಗಣೆ ನಡೆಯುತ್ತಿದೆ. ಹುಡುಕಾಟದಲ್ಲಿ ಸಿಗದಿದ್ದವುಗಳಲ್ಲಿ ಹೆಚ್ಚಿನವು ನುಡಿಯಲ್ಲಿ ಟೈಪ್ ಮಾಡಿದ ಕಡತಗಳು. ಊರಿನ ಹೆಸರು ಶೀರ್ಷಿಕೆಯಲ್ಲಿದ್ದ ಕೆಲವು ಪುಟಗಳಲ್ಲಿ ಕಾಣದ ಚಿಹ್ನೆಯೇ ಕಾರಣವೆಂದು, ಶೀರ್ಷಿಕೆಯನ್ನು ಅಳಿಸಿ ಮತ್ತೆ ಟೈಪ್ ಮಾಡಿದಾಗ ಖಚಿತವಾಯಿತು.

ಇನ್ನೊಂದು ಪ್ರಶ್ನೆ ಉಳಿದಿದೆ. ಲ್ಯಾಟರಲ್ ಪೈಪುಗಳಲ್ಲಿ (ಗಿಡಗಳ ಸಾಲಿನಲ್ಲಿ ಹನಿ ನೀರು ಹರಿಸುವ ಸಣ್ಣ ಪೈಪುಗಳು) ಕಟ್ಟಿದ ಸುಣ್ಣದ ಅಂಶವನ್ನು ಆಸಿಡ್‌ನಿಂದ ತೊಳೆಯುವ ವಿಧಾನದ ಬಗ್ಗೆ ನಮ್ಮಲ್ಲಿ ಎರಡು ಪುಟಗಳಿವೆ. ಒಂದರಲ್ಲಿ ಕೈಗವಸು, ಕನ್ನಡಕ ಧರಿಸಿ ನೀರಿಗೆ ಆಸಿಡನ್ನು ನಿಧಾನವಾಗಿ ಸೇರಿಸಬೇಕು, ಆಸಿಡ್‌ಗೆ ನೀರು ಸುರಿಯಲೇಬಾರದು ಎಂದು ಸ್ಪಷ್ಟವಾಗಿದೆ. ಇನ್ನೊಂದು ಹಳೆಯದರಲ್ಲಿ ಆ ಮಾತೇ ಇಲ್ಲ. ಸೈಟಿನಲ್ಲಿರುವ ಹುಡುಗರಿಗೆ ಯಾವುದು ಮೊದಲು ಸಿಗುತ್ತದೋ ಅದೇ ವೇದವಾಕ್ಯ. ಹಳೆಯದನ್ನು ಅಳಿಸೋಣವೆಂದರೆ ಅದರ ಕೊಂಡಿಯನ್ನು ಎಷ್ಟು ಕಡೆ ಕೊಟ್ಟಿದ್ದೇವೋ ಲೆಕ್ಕವಿಲ್ಲ.

ಒನಕೆ ಕಿಂಡಿ

ಹಳೆಯ ಪುಟವನ್ನು ಉಳಿಸಿಕೊಂಡು ಅದರ ಒಳಗಿನ ಪಠ್ಯವನ್ನು ಮಾತ್ರ ಪೂರ್ತಿ ತೆಗೆದು, ಹೊಸ ಪುಟದ ಕೊಂಡಿಯೊಂದನ್ನು ಇಡಿ. ಎಲ್ಲೆಲ್ಲಿಂದ ಬಂದವರೂ ಸರಿಯಾದ ಜಾಗಕ್ಕೇ ಹೋಗುತ್ತಾರೆ. ಹಳೆಯ ಪಠ್ಯ ಬೇಕೆನಿಸಿದರೆ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಬಳಿ ಇಟ್ಟುಕೊಳ್ಳಿ. ‘ಹಳೆಯದು’ ಎಂದು ಮೇಲೆ ಬರೆದು ಅಲ್ಲೇ ಬಿಟ್ಟರೆ, ಬಿಸಿಲಿನಲ್ಲಿ ಮೊಬೈಲ್ ಹಿಡಿದು ನಿಂತವನು ಆ ಸಾಲನ್ನು ಓದುವುದಿಲ್ಲ.

ಸುರಕ್ಷತೆಗೆ ಸಂಬಂಧಿಸಿದ ವಿಧಾನಗಳನ್ನೆಲ್ಲ ಒಂದು ವಿಕಿಯಾಗಿ (ಮಾಹಿತಿ ಪುಟಗಳನ್ನು ಒಟ್ಟಿಗೆ ಇಡುವ ನೋಶನ್‌ನ ವ್ಯವಸ್ಥೆ) ಪರಿವರ್ತಿಸಿ. ವಿಕಿಯ ಪ್ರತಿ ಪುಟಕ್ಕೂ ಒಬ್ಬ ಹೊಣೆಗಾರನನ್ನು ನೇಮಿಸಬಹುದು, ಪುಟವನ್ನು ಪರಿಶೀಲಿಸಲಾಗಿದೆ ಎಂದು ಗುರುತಿಸಬಹುದು, ಆ ಗುರುತಿಗೆ ಅವಧಿಯನ್ನೂ ನಿಗದಿಪಡಿಸಬಹುದು. ಎಲ್ಲ ಪುಟಗಳಿಗೂ ಇದನ್ನು ಅನ್ವಯಿಸಲು ಹೋದರೆ ಯಾರೂ ಪಾಲಿಸುವುದಿಲ್ಲ. ಆಸಿಡ್ ತೊಳೆತ, ಸೌರ ಫಲಕದ ವೈರಿಂಗ್, ಪಂಪ್ ಇಳಿಸುವುದು ಇಂಥ ಅಪಾಯದ ಕೆಲಸಗಳಿಗೆ ಮಾತ್ರ ಇರಲಿ.

ಜಗಳೂರು ಕಡೆಯ ಸೈಟುಗಳಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಅದೇ ಪುಟಗಳನ್ನು ಮೊಬೈಲ್ ಆ್ಯಪಿನಲ್ಲಿ ಆಫ್‌ಲೈನ್‌ಗೆ ಲಭ್ಯವೆಂದು ಮುಂಚೆಯೇ ಗುರುತಿಸಿಡಬೇಕು. 2025ರಲ್ಲಿ ಈ ಸೌಲಭ್ಯ ಬಂದಿದೆ. ಕಚೇರಿಯ ವೈಫೈನಲ್ಲಿರುವಾಗಲೇ ಮಾಡಿಕೊಂಡು ಹೊರಡಲು ಹೇಳಿ. ಸೈಟಿಗೆ ಹೋದ ಮೇಲೆ ನೆನಪಾದರೆ ಆಗುವುದಿಲ್ಲ.

ಹದಡಿ ರಸ್ತೆ

ಹಳೆಯ ಪುಟದಲ್ಲಿ ಈಗ ಕೊಂಡಿ ಮಾತ್ರ ಇದೆ, ಹೊಸ ಪುಟದ ಹೊಣೆಯನ್ನು ನಮ್ಮ ಹಿರಿಯ ಫಿಟ್ಟರ್ ಒಬ್ಬರಿಗೆ ವಹಿಸಿದ್ದೇವೆ. ‘ದರಪಟ್ಟಿ’ಯನ್ನು ಬೇರ್ಪಡಿಸಿ ಒಬ್ಬ ಅತಿಥಿಯ ಖಾತೆಯಿಂದ ತೆರೆಸಿ ನೋಡಿದೆವು, ಬೆಲೆಯ ಜಾಗ ಖಾಲಿಯೇ ಇದೆ. ಪ್ರಶ್ನೆಯನ್ನು ಪರಿಹಾರವಾಗಿದೆ ಎಂದು ಗುರುತಿಸುತ್ತಿದ್ದೇನೆ.