ಫೆಬ್ರವರಿ 14ಕ್ಕೆ ಹೆಂಡತಿಯನ್ನು ಊಟಕ್ಕೆ ಕರೆದುಕೊಂಡು ಹೋದರೆ ತಪ್ಪಾ?

ಬೆಂಗಳೂರು ಹುಡುಗ:
ಎಲ್ಲರಿಗೂ ವಂದನೆ. ನಾನು ಪೆಂತೆಕೋಸ್ತ್ ಸಭೆಗೆ ಹೋಗುವವನು, ಹೆಂಡತಿ ಮಂಗಳೂರಿನ ಕ್ಯಾಥೊಲಿಕ್. 2024ರಲ್ಲಿ, ಮದುವೆಯಾದ ಮೇಲಿನ ಮೊದಲ ವ್ಯಾಲೆಂಟೈನ್ಸ್ ಡೇ ಅಂತ ಒಂದು ಗುಲಾಬಿ, ಎರಡು ಚಿಕನ್ ಬಿರಿಯಾನಿ ಪಾರ್ಸೆಲ್ ಹಿಡಿದುಕೊಂಡು ಮನೆಗೆ ಬಂದರೆ ಇವಳು ಹಣೆಯಲ್ಲಿ ಬೂದಿ ಶಿಲುಬೆ ಇಟ್ಟುಕೊಂಡು ಕೂತಿದ್ದಾಳೆ. ಅವತ್ತೇ ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ಉಪವಾಸ ಕಾಲ ಶುರುವಾಗೋ ದಿನ! ಮಾಂಸ ಮುಟ್ಟಲ್ಲ ಅಂದಳು. ಎರಡೂ ಬಿರಿಯಾನಿ ನಾನೇ ತಿಂದೆ. ಈ ಸಲ ಹೋಟೆಲಿಗೆ ಹೋಗೋಣ ಅಂದುಕೊಂಡರೆ, ಭಾನುವಾರ ನಮ್ಮ ಪಾಸ್ಟರ್ ಇದು ರೋಮಿನ ಅನ್ಯದೇವರುಗಳ ಹಬ್ಬ, ವಿಶ್ವಾಸಿಗಳಿಗೆ ಬೇಡ ಅಂದರು. ಇವಳು ನೋಡಿದರೆ "ನಮ್ಮ ಸಂತರ ದಿನ ಮಾರಾಯ್ರೆ" ಅಂತಾಳೆ. ಯಾರು ಸರಿ?

ಯೂತ್ ಟೀಚರ್:
ತಮ್ಮಾ, ಪಾಸ್ಟರ್ ಮಾತು ಸುಮ್ನೆ ತಳ್ಳಿಹಾಕಬೇಡ. ಗಿಫ್ಟ್ ಬರಲಿಲ್ಲ ಅಂತ ಅವತ್ತು ಕ್ಲಾಸಲ್ಲಿ ಮುಖ ಬಾಡಿಸಿಕೊಂಡು ಕೂರುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಅಂಗಡಿಯವರ ಹಬ್ಬ ಅದು.

ಹಳೇ ಪುಸ್ತಕದ ಹುಳ:
ಪಾಸ್ಟರ್, ನಿಮ್ಮ ಹೆಂಡತಿ ಇಬ್ಬರೂ ಅರ್ಧರ್ಧ ಸರಿ. ಲೂಪರ್ಕಾಲಿಯಾ ಅಂತ ರೋಮಿನಲ್ಲಿ ಫೆಬ್ರವರಿ 15ಕ್ಕೆ ಹಬ್ಬ ಇದ್ದದ್ದು ನಿಜ, 5ನೇ ಶತಮಾನದ ಕೊನೆಗೆ ಪೋಪ್ ಗೆಲಾಸಿಯಸ್ ಅದನ್ನು ವಿರೋಧಿಸಿದ್ದೂ ನಿಜ. ಆದರೆ ಅದೇ ವ್ಯಾಲೆಂಟೈನ್ಸ್ ಡೇ ಆಯಿತು ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ವ್ಯಾಲೆಂಟೈನ್ 3ನೇ ಶತಮಾನದ ರಕ್ತಸಾಕ್ಷಿ, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವನು. ಸೈನಿಕರಿಗೆ ಕದ್ದು ಮದುವೆ ಮಾಡಿಸಿದ ಕತೆ ಆಮೇಲೆ ಸೇರಿದ್ದು. ಪ್ರೀತಿಯ ನಂಟಂತೂ ಇನ್ನೂ ತಡ, 14ನೇ ಶತಮಾನದಲ್ಲಿ ಚಾಸರ್ ಅನ್ನೋ ಇಂಗ್ಲಿಷ್ ಕವಿ ಈ ದಿನ ಹಕ್ಕಿಗಳು ಜೋಡಿ ಆರಿಸಿಕೊಳ್ಳುತ್ತವೆ ಅಂತ ಬರೆದ. ಇನ್ನೊಂದು, 1969ರಲ್ಲಿ ಕ್ಯಾಥೊಲಿಕ್ ಸಭೆಯ ಸಾಮಾನ್ಯ ಪಂಚಾಂಗದಿಂದಲೇ (ಇಡೀ ಸಭೆಗೆ ಅನ್ವಯಿಸುವ ಹಬ್ಬಗಳ ಪಟ್ಟಿ) ವ್ಯಾಲೆಂಟೈನ್ ಹಬ್ಬ ತೆಗೆದರು. ಈಗ ಅವತ್ತು ಸಂತ ಸಿರಿಲ್, ಮೆಥೋಡಿಯಸ್ ಸಹೋದರರ ಹಬ್ಬ. ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಹೆಸರು ಇನ್ನೂ ಇದೆ. ಇದನ್ನು ಹೆಂಡತಿಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು 😀

ಹಾಸನದ ಅಕ್ಕ:
ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಓದಪ್ಪ. ಒಬ್ಬನಿಗೆ ಒಂದು ದಿನ ಹೆಚ್ಚು, ಇನ್ನೊಬ್ಬನಿಗೆ ಎಲ್ಲಾ ದಿನವೂ ಒಂದೇ, ಅದಕ್ಕೆ ಜಗಳ ಬೇಡ ಅಂತ ಪೌಲ ಅವತ್ತೇ ಬರೆದಿದ್ದಾನೆ. ಅದಿರಲಿ, ಹೋಟೆಲಿಗೆ ಬರ್ತೀಯಾ ಅಂತ ಅವಳನ್ನು ಕೇಳಿದ್ದೀಯಾ? ಅವತ್ತು ಟೇಬಲ್‌ಗೆ ಒಂದು ಗಂಟೆ ಕಾಯಬೇಕು. ನಮ್ಮನೆಯವರು ಮಾರನೇ ದಿನ ಕರ್ಕೊಂಡು ಹೋಗ್ತಾರೆ.

ಬೆಂಗಳೂರು ಹುಡುಗ:
ಈಗ ಕೇಳಿದೆ ಅಕ್ಕ. ಹೋಟೆಲ್ ಬೇಡವಂತೆ. ಈ ಸಲ, 2026ರಲ್ಲಿ, ಬೂದಿ ಬುಧವಾರ 18ಕ್ಕೆ, ಅಷ್ಟರೊಳಗೆ ಸನ್ನ (ಇಡ್ಲಿ ಥರದ್ದು), ಪೋರ್ಕ್ ಬಫತ್ (ಹಂದಿ ಮಾಂಸದ ಮಸಾಲೆ ಪದಾರ್ಥ) ಮಾಡ್ತಾಳಂತೆ. ಈರುಳ್ಳಿ ಹೆಚ್ಚೋ ಕೆಲಸ ನನ್ನದು. ಪಾಸ್ಟರ್ ಕೇಳಿದರೆ ಶನಿವಾರದ ಊಟ ಅಂತೀನಿ.